ದಯವಿಟ್ಟು ರಿವರ್ಟ್ ಮಾಡಬೇಡಿ

ಈ ಸಲದ ರಜೆಯಲ್ಲಿ ನಮ್ಮ ಗ್ಯಾಂಗಿನ ಗಜೇಂದ್ರಗಡದ ಹುಡುಗ ಒಂದು ಆನ್‌ಲೈನ್ ಇಂಟರ್ನ್‌ಶಿಪ್ ಹಿಡಿದಿದ್ದ. ಮೂರು ರಾತ್ರಿ ಕೂತು ಬರೆದ ಕೋಡನ್ನು ಮೇನ್ ಬ್ರಾಂಚಿಗೆ ಹಾಕಿ ಮೆಂಟರ್‌ಗೆ ಮೆಸೇಜ್ ಮಾಡಿದ: ‘ಐ ಹ್ಯಾವ್ ಪುಶ್ಡ್ ದ ಕೋಡ್. ಪ್ಲೀಸ್ ರಿವರ್ಟ್.’ ಮೆಂಟರ್ ಇದ್ದದ್ದು ಬೇರೆ ದೇಶದಲ್ಲಿ. ಪಾಪ, ಅವರು ಹೇಳಿದಂಗ ಮಾಡಿದರು. ಬೆಳಿಗ್ಗೆ ಎದ್ದು ನೋಡಿದರೆ ಕೋಡ್ ಮಾಯ. ಕೆಳಗೆ ಒಂದು ಸಾಲು: ರಿವರ್ಟ್ ಮಾಡಿದೀನಿ, ಏನಾದರೂ ತೊಂದರೆ ಆಗಿತ್ತಾ?

ಗಿಟ್ ಬಳಸುವವರಿಗೆ ಗೊತ್ತು, ರಿವರ್ಟ್ ಅಂದರೆ ಮಾಡಿದ ಬದಲಾವಣೆಯನ್ನು ರದ್ದು ಮಾಡೋದು. ಇಂಗ್ಲಿಷಿನಲ್ಲೂ ಆ ಶಬ್ದದ ಮೂಲ ಅರ್ಥ ಅದೇ, ಹಿಂದಿದ್ದ ಸ್ಥಿತಿಗೆ ಮರಳೋದು. ‘ಉತ್ತರ ಕೊಡಿ’ ಅನ್ನೋ ಅರ್ಥ ನಮ್ಮ ಕಡೆ ಆಫೀಸುಗಳಲ್ಲಿ ಬೆಳೆದದ್ದು. ನಮ್ಮ ಹುಡುಗ ಆಮೇಲೆ ರಿವರ್ಟನ್ನೇ ರಿವರ್ಟ್ ಮಾಡಿ ಕೋಡ್ ವಾಪಸ್ ತಂದ, ಅದೇನೋ ಸರಿ. ಆದರೆ ಆ ದಿನದ ಡೆಮೊ ಹೋಯಿತು. ‘ರಿಪ್ಲೈ’ ಅಂತ ಬರೆದಿದ್ದರೆ ಮುಗಿದಿತ್ತು.

ಈ ಕಥೆ ಕೇಳಿ ಹಾಸ್ಟೆಲ್‌ನಲ್ಲಿ ಎಲ್ಲರೂ ನಕ್ಕರು. ನಮಗೆ ಮಾತ್ರ ಫಸ್ಟ್ ಇಯರಿನ ಇನ್ನೊಂದು ನಗು ನೆನಪಾಯಿತು. ಮೊದಲ ವಾರ ಎಲ್ಲರೂ ಎದ್ದು ನಿಂತು ಪರಿಚಯ ಹೇಳಬೇಕಿತ್ತು. ನರಗುಂದದ ಹುಡುಗಿಯೊಬ್ಬಳು ‘ಮೈಸೆಲ್ಫ್’ ಅಂತ ಶುರು ಮಾಡಿದಳು, ಹಿಂದಿನ ಬೆಂಚಿನಿಂದ ಕಿಸಕ್ಕಂತ ನಗು. ಆಕಿ ಆ ಸೆಮಿಸ್ಟರ್ ಪೂರ್ತಿ ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳಲಿಲ್ಲ. ಗಣಿತದಲ್ಲಿ ನಮಗಿಂತ ಮುಂದಿದ್ದಾಕಿ. ನಕ್ಕವರಲ್ಲಿ ನಾವೂ ಇದ್ದೆವು, ಇಂಗ್ಲಿಷ್ ಮೀಡಿಯಮ್‌ನವರು. ನಾವೇ ಅದರ ಮರುದಿನ ‘ಲೆಟ್ ಅಸ್ ಡಿಸ್ಕಸ್ ಅಬೌಟ್ ದ ಪ್ರಾಜೆಕ್ಟ್’ ಅಂದಿದ್ದೆವು. ಯಾರೂ ನಗಲಿಲ್ಲ, ಯಾಕಂದರೆ ಅದು ತಪ್ಪು ಅಂತ ಯಾರಿಗೂ ಗೊತ್ತಿರಲಿಲ್ಲ!

ಈಗ ಕೂತು ಯೋಚಿಸಿದರೆ ಆ ‘ಮೈಸೆಲ್ಫ್’ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಕನ್ನಡದಲ್ಲಿ ‘ನಾನು ಸವಿತಾ’ ಅಂದರೆ ವಾಕ್ಯ ಮುಗೀತು, ಕ್ರಿಯಾಪದ ಬೇಕಿಲ್ಲ. ಇಂಗ್ಲಿಷಿಗೆ ನಡುವೆ ಒಂದು ‘ಆಮ್’ ಬೇಕೇ ಬೇಕು. ‘ಐ ಸವಿತಾ’ ಅಂದರೆ ಕಿವಿಗೆ ಬರೀ ಅನ್ನಿಸುತ್ತದೆ, ಅದಕ್ಕೇ ತೂಕದ ಒಂದು ಶಬ್ದ, ಮೈಸೆಲ್ಫ್. ‘ಡಿಸ್ಕಸ್ ಅಬೌಟ್’ ಕೂಡ ಹಂಗೇ. ನಾವು ಒಂದು ವಿಷಯದ ‘ಬಗ್ಗೆ’ ಚರ್ಚೆ ಮಾಡ್ತೀವಿ. ಇಂಗ್ಲಿಷಿನ ‘ಡಿಸ್ಕಸ್’ ಒಳಗೆ ಆ ‘ಬಗ್ಗೆ’ ಮೊದಲೇ ಸೇರಿಕೊಂಡಿದೆ. ‘ಟುಡೇ ಇಟ್ಸೆಲ್ಫ್’, ‘ದೇರ್ ಓನ್ಲಿ’ ಎರಡೂ ಇವತ್ತೇ, ಅಲ್ಲೇ ಎಂಬುದರ ಕೊನೆಯ ಏಕಾರ. ಅಂದರೆ ಇವು ದಡ್ಡತನದ ತಪ್ಪುಗಳಲ್ಲ. ತಲೆಯೊಳಗೆ ಕನ್ನಡದ ವ್ಯಾಕರಣ ಸರಿಯಾಗಿ ಕೆಲಸ ಮಾಡ್ತಿದೆ, ಮೇಲಿನ ಶಬ್ದ ಮಾತ್ರ ಇಂಗ್ಲಿಷ್. ಡಿ. ಎನ್. ಶಂಕರ ಭಟ್ಟರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಅನ್ನೋ ಪುಸ್ತಕದ ಹೆಸರು ನೋಡಿದಾಗ ನಮಗೆ ಹೊಳೆದದ್ದು ಇದು: ಹತ್ತು ವರ್ಷ ಶಾಲೆಯಲ್ಲಿ ಒಂದು ಪೀರಿಯಡ್ ಕನ್ನಡ ವ್ಯಾಕರಣ, ಇನ್ನೊಂದು ಪೀರಿಯಡ್ ಇಂಗ್ಲಿಷ್ ಗ್ರಾಮರ್ ಓದಿದೆವು. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ದಿನವೂ ಯಾರೂ ತೋರಿಸಲಿಲ್ಲ. ತೋರಿಸಿದ್ದರೆ ‘ಐ ಆಮ್ ಸವಿತಾ’ ಕಲಿಯಲು ಐದು ನಿಮಿಷ ಸಾಕಿತ್ತು.

ನಮ್ಮ ಪ್ರಕಾರ ಹೆಚ್ಚು ಕೆಟ್ಟ ಇಂಗ್ಲಿಷ್ ಬರೆಯುವವರು ಕನ್ನಡ ಮೀಡಿಯಮ್‌ನವರಲ್ಲ, ನಾವು. ರಜಾ ಅರ್ಜಿ ತಗೊಳ್ರಿ. ನಾಲ್ಕನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ ‘ಆ್ಯಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್’ ಇನ್ನೂ ಬಿಟ್ಟಿಲ್ಲ. ನಮ್ಮಲ್ಲೊಬ್ಬ ಅಕ್ಕನ ಮದುವೆಗೆ ರೋಣಕ್ಕೆ ಹೋಗಲಿಕ್ಕೂ ಇದೇ ಅರ್ಜಿ ಕಾಪಿ ಮಾಡಿ, ಜ್ವರ ಇದ್ದಲ್ಲಿ ಮದುವೆ ತುಂಬಿದ್ದ. ಮದುವೆಯಿಂದ ನರಳುತ್ತಿದ್ದೇನೆ ಅಂತಾಯಿತು! ಕೊನೆಗೆ ‘ಕೈಂಡ್ಲಿ ಡು ದ ನೀಡ್‌ಫುಲ್’. ಅದೇ ವಾರ ನರಗುಂದದ ಆಕಿ ಬರೆದದ್ದು ಎರಡೇ ಸಾಲು. ನನ್ನ ಅಜ್ಜಿ ಆಸ್ಪತ್ರೆಯಲ್ಲಿದ್ದಾಳೆ, ಗುರುವಾರ ಶುಕ್ರವಾರ ರಜೆ ಬೇಕು, ಲ್ಯಾಬನ್ನು ಮುಂದಿನ ವಾರ ಮುಗಿಸುತ್ತೇನೆ. ಇಂಗ್ಲಿಷಿನಲ್ಲಿ ಒಂದು ‘ದ’ ತಪ್ಪಿರಬಹುದು. ಆದರೆ ಓದಿದವರಿಗೆ ಯಾವ ದಿನ, ಯಾಕೆ, ಮುಂದೇನು ಎಲ್ಲಾ ತಿಳಿಯಿತು.

‘ಡು ದ ನೀಡ್‌ಫುಲ್’ ಮೇಲೆ ನಮಗೆ ಸಿಟ್ಟು ಜಾಸ್ತಿ. ಅದು ಹಳೇ ಕಾಲದ ಬ್ರಿಟಿಷ್ ಕಚೇರಿ ಭಾಷೆ. ಅವರು ಬಿಟ್ಟರೂ ನಾವು ಬಿಟ್ಟಿಲ್ಲ. ಅದರಲ್ಲಿ ವ್ಯಾಕರಣದ ತಪ್ಪಿಲ್ಲ. ತೊಂದರೆ ಏನಂದರೆ, ಏನು ಬೇಕು ಅನ್ನೋದನ್ನು ಅದು ಹೇಳೋದೇ ಇಲ್ಲ. ಬೇಕಾದ್ದನ್ನು ಮಾಡ್ರಿ ಅಂದರೆ ಏನು ಮಾಡಬೇಕು? ಬೋನಫೈಡ್‌ಗೆ ಸಹಿ ಬೇಕಿದ್ದರೆ ‘ಪ್ಲೀಸ್ ಸೈನ್ ದ ಬೋನಫೈಡ್ ಬೈ ಮಂಡೇ’ ಅಂತ ಬರೀಬೇಕು.

ಇದರ ಕನ್ನಡ ಅಣ್ಣ ಒಬ್ಬನಿದ್ದಾನೆ: ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’. ಯಾರು ಕೈಗೊಳ್ಳೋರು, ಯಾವಾಗ, ಯಾವ ಕ್ರಮ? ‘ಲಾಗುವುದು’ ಅಂದ ಕೂಡಲೇ ಕರ್ತೃ ನಾಪತ್ತೆ. ನರಗುಂದದವರಿಗೆ ಈ ವಾಕ್ಯ ಪಾಠ ಮಾಡಬೇಕಿಲ್ಲ. 1980ರ ಜುಲೈ 21ರಂದು ಅಲ್ಲಿ ರೈತರು ನೀರಿನ ಕರದ ವಿರುದ್ಧ ಎದ್ದು ನಿಂತಾಗಿನಿಂದ, 2015ರಲ್ಲಿ ಶುರುವಾದ ಮಹದಾಯಿ ಧರಣಿ ತನಕ, ಎಷ್ಟು ಮನವಿ ಪತ್ರಗಳು ಹೋಗಿರಬೇಕು, ಎಷ್ಟು ‘ಪರಿಶೀಲಿಸಲಾಗುತ್ತಿದೆ’ ವಾಪಸ್ ಬಂದಿರಬೇಕು. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಂತ ಹೇಳಿತು. ಇಷ್ಟು, ಇಂಥವರಿಗೆ. ಅಂಥ ವಾಕ್ಯ ಇದ್ದರೆ ಹಿಡಿದು ಕೇಳಬಹುದು, ಯಾಕೆ ಇನ್ನೂ ಬಂದಿಲ್ಲ ಅಂತ. ‘ಪರಿಶೀಲಿಸಲಾಗುತ್ತಿದೆ’ ಅನ್ನೋದನ್ನು ಹಿಡಿದು ಯಾರನ್ನು ಕೇಳೋದು? ನಮ್ಮ ಲ್ಯಾಬ್ ರೆಕಾರ್ಡಿನ ‘ಇಟ್ ವಾಸ್ ಅಬ್ಸರ್ವ್ಡ್’ ಕೂಡ ಇದೇ ಜಾತಿ. ರೀಡಿಂಗ್ ಯಾರು ತಗೊಂಡರು ಅಂತ ಕೇಳಿದರೆ ಬ್ಯಾಚಿನಲ್ಲಿ ಒಬ್ಬರ ಮುಖ ಒಬ್ಬರು ನೋಡ್ತೀವಿ. (ಹೆಚ್ಚಿನ ಸಲ ಯಾರೂ ತಗೊಂಡಿರೋದಿಲ್ಲ, ಅದು ಬೇರೆ ಮಾತು.)

ಹಂಗಂತ ಎಲ್ಲವನ್ನೂ ತಿದ್ದಿ ಲಂಡನ್ ಮಾಡಬೇಕು ಅಂತಲ್ಲ. ‘ಪ್ರಿಪೋನ್’ ಇರಲಿ. ಇಂಟರ್ನಲ್ಸ್ ಎರಡು ದಿನ ಮೊದಲೇ ಬಂತು ಅನ್ನೋ ಸಂಕಟವನ್ನು ಒಂದೇ ಶಬ್ದದಲ್ಲಿ ಹೇಳಲಿಕ್ಕೆ ಬೇರೇನಿದೆ? ಕನ್ನಡದಲ್ಲೂ ‘ಮುಂದೂಡು’ ಇದೆ, ಅದರ ಉಲ್ಟಾಕ್ಕೆ ನಾವು ತಡಕಾಡ್ತೀವಿ. ‘ಕಸಿನ್ ಬ್ರದರ್’ ಕೂಡ ನಮ್ಮ ಮಟ್ಟಿಗೆ ಇರಲಿ. ನಮ್ಮಲ್ಲಿ ಕಾಕಾನ ಮಗ ಅಣ್ಣನೋ ತಮ್ಮನೋ ಆಗ್ತಾನೆ, ಸೋದರಮಾವನ ಮಗ ಹಂಗಲ್ಲ, ಅವನ ಜೊತೆ ಮದುವೆ ಮಾತೂ ನಡೆದೀತು. ಬರೀ ‘ಕಸಿನ್’ ಅಂದರೆ ಇಬ್ಬರೂ ಒಂದೇ ಆಗ್ತಾರೆ. ಮನೆಯಲ್ಲಿ ಗದ್ದಲ ಆಗ್ತದೆ. ‘ಅಯ್ಯೋ’ ಅನ್ನೋದನ್ನೇ 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಒಳಗೆ ಸೇರಿಸಿಕೊಂಡಿದೆ, ಇವೂ ನಡೀಲಿ. ಆದರೆ ಹೊರಗಿನವರಿಗೆ ಬರೆಯುವಾಗ ‘ಐ ಪಾಸ್ಡ್ ಔಟ್ ಇನ್ 2023’ ಅಂತ ಬರೆದರೆ, ಪಿಯುಸಿ ಮುಗಿಸಿದ ವರ್ಷ ಮೂರ್ಛೆ ಬಿದ್ದ ವರ್ಷ ಆಗ್ತದೆ. ಅಲ್ಲಿ ‘ಫಿನಿಶ್ಡ್’ ಸಾಕು. ‘ಐ ಹ್ಯಾವ್ ಎ ಡೌಟ್’ ಅಂದರೆ ಕೆಲವರಿಗೆ ನೀವು ಹೇಳಿದ್ದು ನಂಬೋದಿಲ್ಲ ಅಂದಂಗ ಕೇಳುತ್ತದೆ. ಅಲ್ಲಿ ‘ಕ್ವೆಶ್ಚನ್’ ಬೇಕು. ಕೇಳುವವರಿಗೆ ಅರ್ಥ ಕೆಡುತ್ತದೋ ಇಲ್ಲವೋ, ಅಷ್ಟೇ ನಮ್ಮ ಅಳತೆಗೋಲು.

ಈಗ ನಾವು ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಮೇಲ್ ಬರೆಯುವ ಮೊದಲು ಪಕ್ಕದವರಿಗೆ ಕನ್ನಡದಲ್ಲಿ ಹೇಳೋದು, ಅದೂ ಊರ ಮಾತಿನಲ್ಲಿ. ಏನಾಗೇತಿ, ಏನು ಬೇಕಾಗೇತಿ, ಯಾವಾಗ ಬೇಕು. ಕೇಳಿದವರಿಗೆ ತಿಳಿದರೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡೋದು. ತಪ್ಪಿದ್ದರೆ ಪಕ್ಕಕ್ಕೆ ಕರೆದು ತಿದ್ದೋದು, ಕ್ಲಾಸಿನ ನಡುವೆ ಅಲ್ಲ. ತಿದ್ದುವ ಕೆಲಸ ಈಗ ಹೆಚ್ಚಾಗಿ ನರಗುಂದದ ಆಕಿಯದೇ. ನಾವು ‘ಕೈಂಡ್ಲಿ’ ಅಂತ ಶುರು ಮಾಡಿದರೆ ಸಾಕು, ಪೆನ್ನು ಕಸಿದುಕೊಳ್ತಾಳೆ.

ಗಜೇಂದ್ರಗಡದ ಹುಡುಗನ ಎರಡನೇ ಮೆಸೇಜ್ ಹಂಗೇ ತಯಾರಾಯಿತು. ಕೋಡ್ ವಾಪಸ್ ಹಾಕಿದ್ದೇನೆ, ಲಾಗಿನ್ ಭಾಗ ಸರಿಯಿದೆಯಾ ನೋಡಿ, ಗುರುವಾರದೊಳಗೆ ಉತ್ತರ ಬೇಕು. ಅರ್ಧ ತಾಸಿನಲ್ಲಿ ಉತ್ತರ ಬಂತು. ಲಾಗಿನ್ ಭಾಗದಲ್ಲಿ ಎರಡು ಬಗ್ ಇದ್ದವು.