ವೀರಗಲ್ಲಿನ ಪಾಠ ಮತ್ತು ವರ್ತಕರ ಹೊಣೆ

ದೇಶರಕ್ಷಣೆಯಲ್ಲಿ ಪ್ರಾಣತೆತ್ತ ಯೋಧರನ್ನು ವರ್ಷಕ್ಕೊಮ್ಮೆಯಾದರೂ ಸ್ಮರಿಸುವುದು ನಾಗರಿಕ ಸಮಾಜದ ಕನಿಷ್ಠ ಕರ್ತವ್ಯ. ಜುಲೈ 26ರ ಕಾರ್ಗಿಲ್ ವಿಜಯ ದಿವಸ, ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನ, ಡಿಸೆಂಬರ್ 16ರ ವಿಜಯ ದಿವಸಗಳು ಇದಕ್ಕಾಗಿಯೇ ಗೊತ್ತಾದ ದಿನಗಳು. ಅಂದು ಪುಷ್ಪಾರ್ಚನೆ, ಮೌನಾಚರಣೆ, ಪಥಸಂಚಲನಗಳು ನಡೆಯುವುದು ಉಚಿತವೇ ಸರಿ. ಆದರೆ ಸ್ಮರಣೆ ಅಷ್ಟಕ್ಕೇ ಮುಗಿಯಬೇಕೆ? ಮಡಿದವನ ಮನೆಯ ಒಲೆ ಆರದಂತೆ ನೋಡಿಕೊಳ್ಳುವುದೂ ಸ್ಮರಣೆಯ ಒಂದು ಅಂಗವಲ್ಲವೆ? ಕಡೂರು, ತರೀಕೆರೆ ಹಾಗೂ ಅಜ್ಜಂಪುರ ತಾಲ್ಲೂಕುಗಳ ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ಆಲೋಚಿಸಬೇಕಾದ ಪ್ರಶ್ನೆಯಿದು.

ಉತ್ತರ ಈ ನೆಲದಲ್ಲಿಯೇ ಇದೆ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಹಿಂದೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಬಿ.ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟ ಈ ಜಿಲ್ಲೆಯ ಶಾಸನಗಳಿಗೇ ಮೀಸಲಾದುದು. ಅವುಗಳಲ್ಲಿ ವೀರಗಲ್ಲುಗಳ ಬರಹಗಳೂ ಇವೆ. ತುರುಗಳನ್ನು ಕಾಯುವಾಗ, ಊರಿನ ಮೇಲೆ ಬಿದ್ದ ಶತ್ರುವನ್ನು ಎದುರಿಸುವಾಗ ಮಡಿದವರ ನೆನಪಿಗೆ ಕನ್ನಡನಾಡಿನಲ್ಲಿ ಕಲ್ಲು ನಿಲ್ಲಿಸುತ್ತಿದ್ದರು. ಕೆಳಗೆ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಇದು ಅವುಗಳ ಸಾಮಾನ್ಯ ಕ್ರಮ. ಆದರೆ ಹಿರಿಯರು ಕಲ್ಲು ನೆಟ್ಟು ಕೈತೊಳೆದುಕೊಳ್ಳಲಿಲ್ಲ. ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡುವ ಪದ್ಧತಿಯೂ ಇತ್ತು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಕಲ್ಲು ಕೀರ್ತಿಗೆ, ಹೊಲ ಹೊಟ್ಟೆಗೆ. ಇವೆರಡೂ ಕೂಡಿದಾಗಲೇ ಗೌರವ ಪೂರ್ಣವಾಗುತ್ತಿತ್ತು.

ವಣಿಕ ವೃತ್ತಿಗೂ ಈ ಪರಂಪರೆಗೂ ನಂಟಿದೆ. ಅಯ್ಯಾವೊಳೆಯ ಐನೂರ್ವರ ವರ್ತಕ ಸಂಘ ದೂರದೇಶಗಳಿಗೆ ಸರಕು ಸಾಗಿಸುವಾಗ ಆಯುಧಪಾಣಿಗಳ ರಕ್ಷಣೆಯನ್ನು ಅವಲಂಬಿಸಿತ್ತು. ಕಾವಲಿಲ್ಲದೆ ವ್ಯಾಪಾರವಿಲ್ಲವೆಂಬ ಅರಿವು ಅವರಿಗಿತ್ತು. ಅಜ್ಜಂಪುರದ ಹೆಸರಿನೊಡನೆ ಬೆಸೆದುಕೊಂಡಿರುವ ಅಮೃತಮಹಲ್ ರಾಸುಗಳಂತೂ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಸೈನ್ಯದ ಫಿರಂಗಿ, ಸಾಮಗ್ರಿಗಳನ್ನು ಎಳೆದ ತಳಿ.

ಆಧುನಿಕ ಕಾಲದಲ್ಲಿಯೂ ಸ್ಮರಣೆಗೆ ಕೊರತೆಯಾಗಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಅಶ್ವಪಡೆಗಳಲ್ಲಿ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ದಳವೂ ಒಂದು. ಆ ದಳದ ಸ್ಮಾರಕ ಬೆಂಗಳೂರಿನಲ್ಲಿದೆ, ಹೈಫಾ ದಿನ ಇಂದಿಗೂ ಆಚರಣೆಯಲ್ಲಿದೆ. 2019ರ ಫೆಬ್ರವರಿ 25ರಂದು ದೆಹಲಿಯಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ 25,000ಕ್ಕೂ ಮಿಗಿಲಾದ ಯೋಧರ ಹೆಸರುಗಳನ್ನು ಕೆತ್ತಲಾಗಿದೆ. ಕಲ್ಲಿನ ಕೆಲಸ ನಡೆದಿದೆ; ಕೊಡಗೆಯ ಕೆಲಸದಲ್ಲಿ ಸ್ಥಳೀಯರ ಪಾಲು ಎಷ್ಟೆಂಬುದೇ ವಿಚಾರ.

ಸರ್ಕಾರದ ಪಿಂಚಣಿ, ಪರಿಹಾರಗಳಿರುವಾಗ ವರ್ತಕರಿಗೇಕೆ ಈ ಹೊರೆ ಎಂದು ಕೆಲವರು ಕೇಳಬಹುದು. ಜಾತ್ರೆ, ಉತ್ಸವ, ಗಣೇಶೋತ್ಸವಗಳ ವಂತಿಗೆಯಿಂದಲೇ ಅಂಗಡಿಕಾರ ಬಳಲಿದ್ದಾನೆಂಬ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ಆದರೆ ಪಿಂಚಣಿ ಮಾಡಲಾಗದ ಕೆಲಸಗಳಿವೆ. ದುಡಿಯುವ ಗಂಡಸಿಲ್ಲದ ಮನೆಯ ಅಡಿಕೆಗೆ, ಕೊಬ್ಬರಿಗೆ, ಈರುಳ್ಳಿಗೆ ಸರಿಯಾದ ತೂಕ ಮತ್ತು ನ್ಯಾಯವಾದ ಬೆಲೆ ಸಿಗುವಂತೆ ಮಾಡಬಲ್ಲವನು ಮಂಡಿಯ ವರ್ತಕ. ಮಡಿದವನ ಮಗನಿಗೋ ಮಗಳಿಗೋ ಲೆಕ್ಕ ಬರೆಯುವುದನ್ನು, ಯಂತ್ರ ನಡೆಸುವುದನ್ನು ಕಲಿಸಿ ಉದ್ಯೋಗ ಕೊಡಬಲ್ಲವನು ಸಣ್ಣ ಕಾರ್ಖಾನೆಯ ಮಾಲೀಕ. ಆತನ ಪತ್ನಿ ಚಿಕ್ಕದೊಂದು ಅಂಗಡಿ ತೆರೆಯಲು ಬಯಸಿದರೆ ಸರಕನ್ನು ಉದ್ದರಿ ಕೊಡಬಲ್ಲವನು ಸಗಟು ವ್ಯಾಪಾರಿ. ಇವಾವುವೂ ದಾನವಲ್ಲ, ವ್ಯವಹಾರದೊಳಗಿನ ಸೌಜನ್ಯ.

ಕಾನೂನು ಕೂಡ ಇದೇ ದಿಕ್ಕನ್ನು ತೋರುತ್ತದೆ. 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯು ಮಾಜಿ ಸೈನಿಕರು, ಯುದ್ಧದಲ್ಲಿ ಪತಿಯನ್ನು ಕಳೆದುಕೊಂಡ ಮಹಿಳೆಯರು ಹಾಗೂ ಅವರ ಅವಲಂಬಿತರ ಹಿತಕ್ಕಾಗಿ ಮಾಡುವ ಕಾರ್ಯವನ್ನು ಸಾಮಾಜಿಕ ಹೊಣೆಗಾರಿಕೆಯ ಬಾಬುಗಳಲ್ಲಿ ಸೇರಿಸಿದೆ. ಆ ಕಡ್ಡಾಯ ದೊಡ್ಡ ಕಂಪನಿಗಳಿಗೆ ಮಾತ್ರ. ಆದರೆ ಸಣ್ಣವರು ಸ್ವಯಂಪ್ರೇರಣೆಯಿಂದ ನಡೆಯುವುದಕ್ಕೆ ಅಡ್ಡಿಯೇನೂ ಇಲ್ಲ.

ಆದುದರಿಂದ ಮೂರೂ ತಾಲ್ಲೂಕುಗಳ ವರ್ತಕ ಸಂಘಗಳು ಸರಳವಾದ ಒಂದು ನಿಯಮವನ್ನು ಅಂಗೀಕರಿಸುವುದು ಯೋಗ್ಯ. ಸ್ಮರಣೋತ್ಸವದ ಶಾಮಿಯಾನ, ಹಾರ, ಫ್ಲೆಕ್ಸ್, ಮೆರವಣಿಗೆಗಳಿಗೆ ಒಂದು ರೂಪಾಯಿ ವೆಚ್ಚವಾದರೆ, ಮತ್ತೊಂದು ರೂಪಾಯಿ ಯೋಧರ ಕುಟುಂಬಗಳಿಗೆ ಅಥವಾ ಧ್ವಜ ದಿನದ ನಿಧಿಗೆ ಸಲ್ಲಬೇಕು. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ನೆರವಿನಿಂದ ಕುಟುಂಬಗಳ ಪಟ್ಟಿಯನ್ನು ಖಚಿತಪಡಿಸಿಕೊಳ್ಳಬೇಕು. ಪ್ರತಿ ಡಿಸೆಂಬರ್ 7ರಂದು ವೆಚ್ಚದ ಲೆಕ್ಕವನ್ನು ಸಭೆಯಲ್ಲಿ ಓದಬೇಕು. ಅಂದು ಅಂಗಡಿಗಳನ್ನು ಮುಚ್ಚಬೇಕಾಗಿಲ್ಲ. ಎರಡು ನಿಮಿಷ ತಕ್ಕಡಿ ನಿಂತರೆ ಸಾಕು.

ವೇದಿಕೆಯ ಮೇಲೆ ಹೊದಿಸಿದ ಶಾಲು ಮರುದಿನ ಪೆಟ್ಟಿಗೆ ಸೇರುತ್ತದೆ. ವರ್ಷವಿಡೀ ಆ ಮನೆಗೆ ಆಸರೆಯಾಗುವುದು ವರ್ತಕನ ನ್ಯಾಯವಾದ ತೂಕ ಮತ್ತು ಕೊಟ್ಟ ಮಾತು. ವೀರಗಲ್ಲು ನಿಲ್ಲಿಸಿದವರ ನಾಡಿನಲ್ಲಿ ನೆತ್ತರುಗೊಡಗೆಯನ್ನು ಹೊಸ ರೂಪದಲ್ಲಿ ಮುಂದುವರಿಸುವ ಶಕ್ತಿ ವರ್ತಕ ಸಮುದಾಯಕ್ಕಿದೆ, ಸಂಕಲ್ಪವೊಂದೇ ಬೇಕಾಗಿದೆ.