ಸುಂಕದವನ ಮುಂದಿನ ಸುಖದುಃಖ

ಬ್ರಹ್ಮಾವರ, ಕುಂದಾಪುರ, ಬೈಂದೂರು ಮೂರೂ ತಾಲ್ಲೂಕುಗಳನ್ನು ತೆಂಕಿನಿಂದ ಬಡಗಿಗೆ ಸೀಳಿಕೊಂಡು ಹೋಗುವ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಹಿಂದೆ 17 ಎಂಬ ಸಂಖ್ಯೆಯಿತ್ತು. ಸಾಸ್ತಾನ, ಕೋಟ, ತೆಕ್ಕಟ್ಟೆ, ಕುಂಭಾಶಿ, ಕೋಟೇಶ್ವರ, ಹೆಮ್ಮಾಡಿ, ತ್ರಾಸಿ, ನಾವುಂದ, ಉಪ್ಪುಂದಗಳ ಪೇಟೆಗಳೆಲ್ಲ ಇದೇ ರಸ್ತೆಯ ಎರಡು ಮಗ್ಗುಲಲ್ಲಿ ಬೆಳೆದವು. ಪಡುವಣದಲ್ಲಿ ಕಡಲು, ಮೂಡಣದಲ್ಲಿ ಗದ್ದೆ ಮತ್ತು ಗುಡ್ಡ. ಹೀಗಾಗಿ ಊರಿನ ಒಳರಸ್ತೆಗಳೆಲ್ಲ ಕೊನೆಗೆ ಬಂದು ಸೇರುವುದು ಇಲ್ಲಿಗೇ. ಗೋವಾ–ಕೇರಳ ನಡುವಿನ ಲಾರಿಗೆ ಇದು ಹೆದ್ದಾರಿ. ಮೀನು ತರಲು, ಮಗುವನ್ನು ಶಾಲೆಗೆ ಬಿಡಲು, ಸೊಸೈಟಿಗೆ ಹೋಗಲು ಹೊರಟವರಿಗೆ ಇದು ಊರ ಬೀದಿ. ಚತುಷ್ಪಥ ಯೋಜನೆ ಇದನ್ನು ಹೆದ್ದಾರಿ ಎಂದಷ್ಟೇ ಬಗೆಯಿತು. ಈ ಭಾಗದ ಜನರ ಇಂದಿನ ಬೇಸರದ ಬೇರು ಬಹುಪಾಲು ಅಲ್ಲಿದೆ.

ರಸ್ತೆ ಒಂದೇ ಆದರೂ ಗುತ್ತಿಗೆ ಎರಡು. ಕುಂದಾಪುರದಿಂದ ಸುರತ್ಕಲ್‌ವರೆಗಿನ ಭಾಗ ಮತ್ತು ಮಂಗಳೂರಿನ ನಂತೂರಿನಿಂದ ತಲಪಾಡಿಯವರೆಗಿನ ಭಾಗ ಸೇರಿ ಸುಮಾರು 90 ಕಿ.ಮೀ. ಕಾಮಗಾರಿ 2010ರಲ್ಲಿ ನವಯುಗ ಉಡುಪಿ ಟೋಲ್‌ವೇ ಕಂಪನಿಗೆ 25 ವರ್ಷಗಳ ಒಪ್ಪಂದದ ಮೇಲೆ ಹೋಯಿತು. ಕುಂದಾಪುರದಿಂದ ಬಡಗಿಗೆ ಗೋವಾ ಗಡಿಯವರೆಗಿನ 189 ಕಿ.ಮೀ.ಗೂ ಹೆಚ್ಚಿನ ಭಾಗ 2014ರಲ್ಲಿ ಐಆರ್‌ಬಿ ಕಂಪನಿಗೆ 28 ವರ್ಷಗಳಿಗೆ ಸಂದಿತು. ಈ ಮೂರು ತಾಲ್ಲೂಕುಗಳೊಳಗೆ ಮೊದಲನೆಯದರ ಟೋಲ್‌ಗೇಟು ಸಾಸ್ತಾನದಲ್ಲಿ, ಎರಡನೆಯದರದ್ದು ಬೈಂದೂರು ತಾಲ್ಲೂಕಿನ ಶಿರೂರಿನಲ್ಲಿ. 2008ರ ಕ್ಷೇತ್ರ ಮರುವಿಂಗಡಣೆಯ ನಂತರ ಕುಂದಾಪುರ ವಿಧಾನಸಭಾ ಕ್ಷೇತ್ರ ಉಡುಪಿ–ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೂ, ಬೈಂದೂರು ಶಿವಮೊಗ್ಗಕ್ಕೂ ಸೇರಿವೆ. ಕುಂದಾಪುರದ ಹೊಳೆ ದಾಟಿ ಹೆಮ್ಮಾಡಿಗೆ ಹೋಗುವಷ್ಟರಲ್ಲಿ ಕಂಪನಿ, ಶಾಸಕ, ಸಂಸದ ಮೂವರೂ ಬದಲಾಗಿರುತ್ತಾರೆ. ಬದಲಾಗದೆ ಉಳಿಯುವುದು ಹೊಂಡ.

ಇಂಥ ಒಪ್ಪಂದಗಳ ಕ್ರಮ ಹೀಗಿದೆ: ಕಂಪನಿ ಬ್ಯಾಂಕಿನಿಂದ ಸಾಲ ತಂದು ರಸ್ತೆ ಕಟ್ಟುತ್ತದೆ, ಅವಧಿ ಮುಗಿಯುವವರೆಗೆ ನಿರ್ವಹಿಸುತ್ತದೆ, ಸುಂಕ ಎತ್ತಿ ಸಾಲ ತೀರಿಸಿ ಲಾಭ ಮಾಡಿಕೊಳ್ಳುತ್ತದೆ, ಕೊನೆಗೆ ಸರ್ಕಾರಕ್ಕೆ ಮರಳಿಸುತ್ತದೆ. ಇದರಲ್ಲಿ ಒಂದು ಮುಖ್ಯ ಷರತ್ತಿದೆ. ಕಾಮಗಾರಿಯ ಶೇ 75ರಷ್ಟು ಉದ್ದ ಮುಗಿದರೆ ತಾತ್ಕಾಲಿಕ ಪೂರ್ಣತಾ ಪ್ರಮಾಣಪತ್ರ ಸಿಗಬಹುದು. ಅದು ಸಿಕ್ಕರೆ ಸುಂಕ ವಸೂಲಿ ಆರಂಭಿಸಬಹುದು. ಬಾಕಿ ಕೆಲಸಗಳನ್ನು ಪಟ್ಟಿ ಮಾಡಿ, ನಿಗದಿತ ಅವಧಿಯೊಳಗೆ ಮುಗಿಸುವುದಾಗಿ ಬರೆದುಕೊಟ್ಟರೆ ಸಾಕು. ಕಾಗದದ ಮೇಲೆ ಇದು ತರ್ಕಬದ್ಧವೇ: ಕಾಲು ಭಾಗದ ಜಮೀನು ವ್ಯಾಜ್ಯದಲ್ಲಿ ಸಿಲುಕಿದರೆ ಕಂಪನಿ ಬಡ್ಡಿ ಕಟ್ಟುತ್ತ ಕೂರಬಾರದಲ್ಲ. ಆದರೆ ಬಿಟ್ಟುಹೋಗುವ ಕಾಲು ಭಾಗ ಯಾವುದು ಎಂಬುದನ್ನು ನೋಡಬೇಕು. ಬಯಲಿನಲ್ಲಿ ಡಾಂಬರು ಹಾಸುವುದು ಸುಲಭ, ಪೇಟೆಯೊಳಗೆ ಮೇಲ್ಸೇತುವೆ ಕಟ್ಟುವುದು ಕಷ್ಟ. ಹೀಗಾಗಿ ಬಾಕಿಯ ಪಟ್ಟಿಯಲ್ಲಿ ಉಳಿಯುವುದು ಜನ ಅತಿ ಹೆಚ್ಚು ಓಡಾಡುವ ಜಾಗವೇ. ಸುಂಕ ಶುರುವಾದ ಮೇಲೆ ಅದನ್ನು ಮುಗಿಸುವ ಆತುರ ಕಂಪನಿಗೆ ಎಷ್ಟಿರಬೇಕೋ ಅಷ್ಟಿರುವುದಿಲ್ಲ.

ಕುಂದಾಪುರದ ಶಾಸ್ತ್ರಿ ಸರ್ಕಲ್‌ನ ಮೇಲ್ಸೇತುವೆ ಇದಕ್ಕೆ ಕಣ್ಣೆದುರಿನ ಉದಾಹರಣೆ. ಸಾಸ್ತಾನದಲ್ಲಿ 2017ರಲ್ಲಿ ಸುಂಕ ಆರಂಭವಾಯಿತು. ಮೇಲ್ಸೇತುವೆಯಲ್ಲಿ ವಾಹನ ಓಡಿದ್ದು 2021ರಲ್ಲಿ. ನಡುವಿನ ವರ್ಷಗಳಲ್ಲಿ ಅರೆಬರೆ ಕಂಬಗಳು, ಮಳೆಗಾಲದ ಕೆಸರು, ಬೇಸಿಗೆಯ ದೂಳು, ಬಸ್ರೂರು ಮೂರುಕೈಯಲ್ಲಿ ವಾಹನಗಳ ಸಾಲು ಪಟ್ಟಣದ ನಿತ್ಯದ ಪಾಡಾದವು. ‘ಮುಂದಿನ ತಿಂಗಳು ಮುಗಿಯುತ್ತದೆ’ ಎಂಬ ಮಾತು ಎಷ್ಟು ಸಲ ಬಂತೆಂದರೆ ಅದು ಊರಿನ ನಗೆಚಾಟಿಕೆಯಾಯಿತು. ಒಪ್ಪಂದವಾದ ದಿನಕ್ಕೂ ಸೇತುವೆ ತೆರೆದ ದಿನಕ್ಕೂ ನಡುವೆ ಉಡುಪಿ–ಚಿಕ್ಕಮಗಳೂರು ಕ್ಷೇತ್ರ ಡಿ.ವಿ. ಸದಾನಂದ ಗೌಡ, ಜಯಪ್ರಕಾಶ್ ಹೆಗ್ಡೆ, ಶೋಭಾ ಕರಂದ್ಲಾಜೆ ಎಂಬ ಮೂವರು ಸಂಸದರನ್ನು ಕಂಡಿತು. ಅವರಲ್ಲಿ ಇಬ್ಬರು ಬಿಜೆಪಿಯವರು, ಒಬ್ಬರು ಕಾಂಗ್ರೆಸ್ಸಿನವರು. ಒಬ್ಬರು ರಾಜ್ಯದ ಮುಖ್ಯಮಂತ್ರಿ, ಇನ್ನೊಬ್ಬರು ಕೇಂದ್ರ ಸಚಿವೆ ಆದರು. ಯಾವ ಪಕ್ಷವೂ ಇದನ್ನು ಇನ್ನೊಂದರ ಲೋಪವೆಂದು ಪೂರ್ತಿ ತಳ್ಳಿಹಾಕುವಂತಿಲ್ಲ.

ದೋಷವನ್ನೆಲ್ಲ ಕಂಪನಿಯ ತಲೆಗೇ ಕಟ್ಟುವುದೂ ಸರಿಯಲ್ಲ. ಜಮೀನು ಒದಗಿಸಬೇಕಾದದ್ದು ಸರ್ಕಾರ, ಅದು ತಡವಾಯಿತು. ಮನೆ ಅಂಗಡಿಗಳು ಹೋಗುತ್ತವೆಂಬ ಆತಂಕಕ್ಕೆ ಮಣಿದು ರಸ್ತೆಯ ಅಗಲವನ್ನು 45 ಮೀಟರಿಗೆ ಸೀಮಿತಗೊಳಿಸಿದಾಗ ಮೊದಲು ಕೈಬಿಟ್ಟದ್ದು ಸರ್ವಿಸ್ ರಸ್ತೆಯನ್ನು. ಅಂದು ಜಾಗ ಉಳಿಯಿತೆಂದು ನಿಟ್ಟುಸಿರು ಬಿಟ್ಟವರೇ ಇಂದು ಸರ್ವಿಸ್ ರಸ್ತೆಗಾಗಿ ಧರಣಿ ಕೂರುವ ವಿಚಿತ್ರವೂ ಇಲ್ಲಿದೆ. ಕುಂದಾಪುರದಲ್ಲಿ ಪುರಸಭೆಯಿದೆ, ಸಾಲಿಗ್ರಾಮ ಮತ್ತು ಬೈಂದೂರಿನಲ್ಲಿ ಪಟ್ಟಣ ಪಂಚಾಯಿತಿಗಳಿವೆ. ಬ್ರಹ್ಮಾವರ ಪೇಟೆ ಹಲವು ಗ್ರಾಮ ಪಂಚಾಯಿತಿಗಳಲ್ಲಿ ಹಂಚಿಹೋಗಿ ಬೆಳೆದದ್ದು. ವಿನ್ಯಾಸ ಸಿದ್ಧವಾಗುವಾಗ ಪೇಟೆಯನ್ನು ಒಟ್ಟಾಗಿ ನೋಡಿ ಮಾತಾಡಬಲ್ಲ ಸಂಸ್ಥೆಯೇ ಅಲ್ಲಿ ಇರಲಿಲ್ಲ.

ಫಲ ಉಣ್ಣುವವರು ನಿತ್ಯ ಓಡಾಡುವವರು. ರಸ್ತೆಯ ಮೂಡು ಮಗ್ಗುಲಿನವರು ಪಡು ಮಗ್ಗುಲಿನ ಅಂಗಡಿಗೆ ಹೋಗಬೇಕಾದರೆ ಡಿವೈಡರ್ ತೆರೆದಿರುವಲ್ಲಿಯವರೆಗೆ ಸಾಗಿ ತಿರುಗಿ ಬರಬೇಕು. ಅಷ್ಟು ದೂರ ಯಾರು ಹೋಗುತ್ತಾರೆ? ಸ್ಕೂಟರು ವಿರುದ್ಧ ದಿಕ್ಕಿನಲ್ಲಿ ಅಂಚು ಹಿಡಿದು ನುಗ್ಗುತ್ತದೆ. ಪೊಲೀಸರು ದಂಡ ಹಾಕುತ್ತಾರೆ, ಅಪಘಾತವಾದರೆ ಸವಾರನ ನಿರ್ಲಕ್ಷ್ಯವೆಂದು ದಾಖಲಾಗುತ್ತದೆ. ತಿರುವು ಎಲ್ಲಿರಬೇಕೆಂದು ನಕ್ಷೆ ಬರೆದವರ ಹೆಸರು ಎಲ್ಲೂ ಬರುವುದಿಲ್ಲ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ನಾಡಿನಲ್ಲಿ ರಸ್ತೆಯನ್ನು ದಿಬ್ಬದಂತೆ ಎತ್ತರಿಸಿದಾಗ ಹಳೆಯ ತೋಡುಗಳ ದಾರಿ ತಪ್ಪಿ ನೀರು ಅಂಗಳಕ್ಕೆ ನುಗ್ಗುತ್ತದೆ. ಬೈಂದೂರಿನ ಒತ್ತಿನೆಣೆಯಲ್ಲಿ ಹೆದ್ದಾರಿಗಾಗಿ ಗುಡ್ಡ ಕಡಿದ ಮೇಲೆ ಮಳೆಗಾಲ ಬಂದರೆ ಮಣ್ಣು ಜರಿಯುವ ಭಯ. ಇದು ಸುಳ್ಳು ಭಯವಲ್ಲ: 2024ರ ಜುಲೈ 16ರಂದು ಇದೇ ಹೆದ್ದಾರಿಯಲ್ಲಿ, ಬೈಂದೂರಿನ ಶಿರೂರಿನದೇ ಹೆಸರಿನ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು.

ಸುಂಕದ ನಿಯಮಗಳೂ ಜನರ ಪಾಲಿಗೆ ಒಗಟು. 2008ರ ಹೆದ್ದಾರಿ ಶುಲ್ಕ ನಿಯಮಗಳ ಪ್ರಕಾರ ಹೆದ್ದಾರಿಯ ಒಂದೇ ಭಾಗದಲ್ಲಿ, ಒಂದೇ ದಿಕ್ಕಿನಲ್ಲಿ ಎರಡು ಗೇಟುಗಳ ನಡುವೆ 60 ಕಿ.ಮೀ. ಅಂತರವಿರಬೇಕು. ತೆಂಕಿನ ಗುತ್ತಿಗೆಯ ಇನ್ನೊಂದು ಗೇಟಿರುವ ಹೆಜಮಾಡಿಯಿಂದ ಸಾಸ್ತಾನಕ್ಕೆ ಅಷ್ಟು ದೂರವಿಲ್ಲ. ಆದರೆ ಅದೇ ನಿಯಮ, ಲಿಖಿತ ಕಾರಣ ಕೊಟ್ಟು ವಿನಾಯಿತಿ ಪಡೆಯಲು ದಾರಿಯನ್ನೂ ಬಿಟ್ಟಿದೆ. 60 ಕಿ.ಮೀ. ಒಳಗಿನ ಹೆಚ್ಚುವರಿ ಗೇಟುಗಳನ್ನು ಮೂರು ತಿಂಗಳಲ್ಲಿ ಮುಚ್ಚುವುದಾಗಿ ಸಚಿವ ನಿತಿನ್ ಗಡ್ಕರಿ 2022ರ ಮಾರ್ಚ್‌ನಲ್ಲಿ ಲೋಕಸಭೆಯಲ್ಲಿ ಹೇಳಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸುರತ್ಕಲ್ ಗೇಟು ನಿಂತಿತು. ಅದೂ ದೀರ್ಘ ಧರಣಿಯ ನಂತರ, ಹೆಜಮಾಡಿಯೊಂದಿಗೆ ವಿಲೀನವೆಂಬ ಹೆಸರಿನಲ್ಲಿ. 20 ಕಿ.ಮೀ. ಒಳಗೆ ವಾಸಿಸುವವರ ಖಾಸಗಿ ವಾಹನಕ್ಕೆ ಮಾಸಿಕ ಪಾಸಿನ ಅವಕಾಶವಿದೆ. ಸಾಸ್ತಾನದ ಸುತ್ತಲಿನವರಿಗೆ ಸಿಕ್ಕ ಪೂರ್ಣ ರಿಯಾಯಿತಿ ಮಾತ್ರ ನಿಯಮದ ಪುಸ್ತಕದ್ದಲ್ಲ, ಹೋರಾಟದ್ದು. ಪುಸ್ತಕದಲ್ಲಿ ಇಲ್ಲದ್ದನ್ನು ಯಾವಾಗ ಬೇಕಾದರೂ ಹಿಂತೆಗೆಯಬಹುದು. ಹಿಂತೆಗೆಯುವ ಸುಳಿವು ಬಂದಾಗಲೆಲ್ಲ ಗೇಟಿನ ಬಳಿ ಮತ್ತೆ ಜನ ಸೇರಬೇಕು. ಸುಂಕದ ದರ ಹಾಗಲ್ಲ. ಪ್ರತಿ ಏಪ್ರಿಲ್ 1ಕ್ಕೆ ಶೇ 3ರ ನಿಗದಿತ ಏರಿಕೆಗೆ ಸಗಟು ಬೆಲೆ ಸೂಚ್ಯಂಕದ ಏರಿಕೆಯ ಶೇ 40 ಸೇರಿ ಅದು ತಾನಾಗಿ ಪರಿಷ್ಕರಣೆಯಾಗುತ್ತದೆ. ರಸ್ತೆಯ ಗುಣಮಟ್ಟಕ್ಕೆ ಅಂಥದ್ದೊಂದು ತಾನೇ ಚಲಿಸುವ ಸೂತ್ರವಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿದಂತೆ ಎಂಬ ಹಳೆಯ ಗಾದೆ ಈಗ ಇನ್ನಷ್ಟು ನಿಜ: 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಮುಂದೆ ನಿಂತು ಕೇಳಿಸಿಕೊಳ್ಳುವ ಸುಂಕದವನೂ ಕಡಿಮೆಯಾಗಿದ್ದಾನೆ.

ಇಷ್ಟಿದ್ದೂ ರಾಜಕಾರಣಕ್ಕೆ ಇದರ ಬಿಸಿ ತಟ್ಟುವುದಿಲ್ಲವೇಕೆ? ಒಪ್ಪಂದದಲ್ಲಿ ಸಹಿ ಇರುವುದು ಕಂಪನಿ ಮತ್ತು ಹೆದ್ದಾರಿ ಪ್ರಾಧಿಕಾರದ್ದು. ಸುಂಕ ಕಟ್ಟುವವನು ಅದರಲ್ಲಿ ಪಕ್ಷಗಾರನಲ್ಲ. ಶಾಸಕನಿಗೆ ಪ್ರಾಧಿಕಾರದ ಮೇಲೆ ಅಧಿಕಾರವಿಲ್ಲ. ಜಿಲ್ಲಾಧಿಕಾರಿ ಸಭೆ ಕರೆಯಬಲ್ಲರು, ಆದರೆ ದಂಡ ವಿಧಿಸುವ ಷರತ್ತುಗಳ ಕೀಲಿ ಅವರ ಬಳಿಯಿಲ್ಲ. ಹೀಗಾಗಿ ಪರಿಶೀಲನಾ ಸಭೆಯಲ್ಲಿ ಅಧಿಕಾರಿಯನ್ನು ತರಾಟೆಗೆ ತೆಗೆದುಕೊಂಡ ಸುದ್ದಿ ಮರುದಿನ ಪತ್ರಿಕೆಯಲ್ಲಿ ಬರುತ್ತದೆ, ಅಧಿಕಾರಿ ಕಂಪನಿಗೆ ಪತ್ರ ಬರೆಯುತ್ತಾರೆ, ಕಂಪನಿ ಹೊಂಡಕ್ಕೆ ಜಲ್ಲಿ ಸುರಿಯುತ್ತದೆ. ತರಾಟೆಯೇ ಕೆಲಸದ ಸ್ಥಾನವನ್ನು ಪಡೆದಿದೆ. ಚುನಾವಣೆಯಲ್ಲಿ ಮತ ಬೇರೆ ಲೆಕ್ಕಾಚಾರಗಳ ಮೇಲೆ ಬೀಳುತ್ತದೆಂಬುದು ಎಲ್ಲ ಪಕ್ಷಗಳಿಗೂ ಗೊತ್ತು. ಮೂಲ ನಕ್ಷೆಯಲ್ಲಿ ಬಿಟ್ಟುಹೋದದ್ದನ್ನು ಕೊನೆಗೆ ತುಂಬುವುದು ಸಾರ್ವಜನಿಕ ಹಣ. ಉಡುಪಿ ಬಳಿಯ ಸಂತೆಕಟ್ಟೆ ಅಂಡರ್‌ಪಾಸ್ ಹೀಗೆ ಪ್ರತ್ಯೇಕ ಗುತ್ತಿಗೆಯಾಗಿ ಬಂತು, ಅದೂ ವರ್ಷಗಟ್ಟಲೆ ಎಳೆಯಿತು.

ಅಷ್ಟಾಗಿ ಬಳಕೆಯಾಗದ ಒಂದು ಅಸ್ತ್ರ ಕುಂದಾಪುರದಲ್ಲೇ ಇದೆ. ಸಾರ್ವಜನಿಕ ಉಪದ್ರವವನ್ನು ನಿವಾರಿಸುವಂತೆ ಷರತ್ತುಬದ್ಧ ಆದೇಶ ಹೊರಡಿಸುವ ಅಧಿಕಾರವನ್ನು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ ಕೊಟ್ಟಿತ್ತು. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ. ಕುಂದಾಪುರದ ಉಪವಿಭಾಗಾಧಿಕಾರಿಯೇ ಅದನ್ನು ಚಲಾಯಿಸಬಲ್ಲ ದಂಡಾಧಿಕಾರಿ. ರತ್ಲಾಮ್ ಪುರಸಭೆಯ ಚರಂಡಿ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 1980ರಲ್ಲಿ ಇದೇ ಕಲಂ ಹಿಡಿದು, ಹಣವಿಲ್ಲ ಎಂಬ ನೆಪ ಸಲ್ಲದೆಂದು ತೀರ್ಪಿತ್ತಿತು. ಈ ಕಲಂ ಅಡಿ ಅರ್ಜಿ ಹಾಕಲು ಒಪ್ಪಂದದ ಪಕ್ಷಗಾರ ಆಗಿರಬೇಕಿಲ್ಲ. ತೋಡು ಮುಚ್ಚಿ ಅಂಗಳಕ್ಕೆ ನೀರು ನುಗ್ಗಿದವರು ಆಗಿದ್ದರೆ ಸಾಕು. ಹಾಗಲ್ಲದೆ ಒಪ್ಪಂದ ಮುಗಿಯಲೆಂದು ಕಾಯುವುದಾದರೆ, ತೆಂಕಿನದ್ದು ಮುಗಿಯುವುದು 2035ರ ಸುಮಾರಿಗೆ, ಬಡಗಿನದ್ದು 2042ರ ಸುಮಾರಿಗೆ.