ಒಂದೇ ಗಡ್ಡೆ, ಎರಡು ಅಳತೆ

ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಕೈಯಲ್ಲಿ ಎರಡು ಸಿ.ಟಿ. ಸ್ಕ್ಯಾನ್ ವರದಿಗಳು. ಅವನ ತಂದೆಗೆ ಶ್ವಾಸಕೋಶದ ಕ್ಯಾನ್ಸರ್; ಚಿಕಿತ್ಸೆ ನಡೆಯುತ್ತಿತ್ತು. ಚಿಕಿತ್ಸೆಗೆ ಮೊದಲು ತೆಗೆದ ಸ್ಕ್ಯಾನ್‌ನಲ್ಲಿ ಗಡ್ಡೆಯ ಉದ್ದ 32 ಮಿ.ಮೀ. ಎರಡು ತಿಂಗಳ ನಂತರದ್ದರಲ್ಲಿ 35 ಮಿ.ಮೀ.

“ಗಡ್ಡೆ ಬೆಳೀತಾನೇ ಇದೆ ಸಾರ್. ಔಷಧಿ ನಾಟ್ತಾ ಇಲ್ಲ, ಇನ್ನು ಆಸ್ಪತ್ರೆಗೆ ಬರೋದಿಲ್ಲ ಅಂತ ಅಪ್ಪ ಹಟ ಹಿಡಿದು ಕೂತಿದ್ದಾರೆ” ಎಂದ. ಡಾಕ್ಟರನ್ನು ಕಾಣಲು ಇನ್ನೂ ನಾಲ್ಕು ದಿನವಿತ್ತು.

ನಾನು ವೈದ್ಯನಲ್ಲ. ಚಿಕಿತ್ಸೆಯ ಬಗ್ಗೆ ಮಾತಾಡುವ ಅಧಿಕಾರ ನನಗಿಲ್ಲ. ಆದರೆ ಅಳತೆಯ ಬಗ್ಗೆ ವಿಜ್ಞಾನದ ಮೇಷ್ಟರು ಮಾತಾಡಬಹುದು. ವರದಿಗಳ ಕೆಳಗಿನ ಸಹಿ ನೋಡಿದೆ. ಎರಡೂ ಬೇರೆ ಬೇರೆ. “ಅಳೆದವರು ಇಬ್ಬರು ಕಣಪ್ಪಾ. ಈ 3 ಮಿ.ಮೀ. ಗಡ್ಡೆಯದೋ, ಅಳತೆಯದೋ ಅಂತ ಮೊದಲು ಡಾಕ್ಟರನ್ನು ಕೇಳು” ಎಂದೆ.

ವಿದ್ಯಾರ್ಥಿ ಮಿತ್ರರೇ, ಪ್ರಯೋಗಾಲಯದಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಹಿಡಿದು ಗುಂಡಿನ ವ್ಯಾಸ ಅಳೆಯುತ್ತೀರಲ್ಲವೆ? ಗುಂಡಿಗೆ ಸ್ಪಷ್ಟವಾದ ಅಂಚಿದೆ, ಎತ್ತ ತಿರುಗಿಸಿದರೂ ಅದೇ ವ್ಯಾಸ. ಶ್ವಾಸಕೋಶದ ಗಡ್ಡೆ ಹಾಗಲ್ಲ, ಅದು ಶುಂಠಿಯ ಕೊಂಬಿನ ಹಾಗೆ. ಅಂಚಿನಿಂದ ಬೇರಿನಂಥ ಎಳೆಗಳು ಹೊರಟಿರುತ್ತವೆ. ಎಳೆಯ ತುದಿಯವರೆಗೆ ಅಳೆಯಬೇಕೋ, ಬುಡಕ್ಕೇ ನಿಲ್ಲಿಸಬೇಕೋ? ಪಕ್ಕದಲ್ಲಿ ಗಾಳಿ ಇಲ್ಲದೆ ಮುದುಡಿದ ಶ್ವಾಸಕೋಶದ ಭಾಗವಿದ್ದರೆ ಅದೂ ಗಡ್ಡೆಯಂತೆಯೇ ಬೂದು ಬಣ್ಣದಲ್ಲಿ ಕಾಣುತ್ತದೆ. ಗಡ್ಡೆ ಎಲ್ಲಿ ಮುಗಿಯಿತು?

ಸಿ.ಟಿ. ಯಂತ್ರ ದೇಹವನ್ನು ಬ್ರೆಡ್ಡಿನ ಚೂರುಗಳಂತೆ ಪದರ ಪದರವಾಗಿ ತೋರಿಸುತ್ತದೆ. ಯಾವ ಪದರದಲ್ಲಿ ಗಡ್ಡೆ ಅತಿ ಉದ್ದವಾಗಿದೆ ಎಂದು ಕ್ಷ-ಕಿರಣ ತಜ್ಞರೇ ಆರಿಸಿ, ಎರಡು ತುದಿಗಳಿಗೆ ಗುರುತು ಹಾಕುತ್ತಾರೆ. ಟಿ.ವಿ.ಯಲ್ಲಿ ಬೆಳಕು, ಛಾಯೆ ಹೊಂದಿಸಿಕೊಳ್ಳುವಂತೆ ಇಲ್ಲಿಯೂ ಹೊಂದಿಸಬಹುದು; ಹೊಂದಿಸಿದಂತೆ ಅಂಚು ಸ್ವಲ್ಪ ಆಚೀಚೆ ಸರಿದಂತೆ ಕಾಣುತ್ತದೆ. ರೋಗಿ ಎಷ್ಟು ಉಸಿರೆಳೆದುಕೊಂಡಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ವ್ಯತ್ಯಾಸ ಬಂದ ಮಾತ್ರಕ್ಕೆ ತಜ್ಞರು ಅಜಾಗರೂಕರೆಂದು ಅರ್ಥವಲ್ಲ.

ಈ ತೊಡಕು ವೈದ್ಯರಿಗೆ ಹೊಸದೇನಲ್ಲ. 1976ರಲ್ಲಿ ಅಮೆರಿಕದ ಮೊರ್ಟೆಲ್ ಮತ್ತು ಹ್ಯಾನ್ಲಿ ಎಂಬುವರು ಒಂದು ಸೊಗಸಾದ ಪ್ರಯೋಗ ಪ್ರಕಟಿಸಿದರು. 12 ಗೋಳಗಳ ಮೇಲೆ ಫೋಮ್ ಹೊದಿಸಿ, ಅನುಭವಿಗಳಾದ 16 ಕ್ಯಾನ್ಸರ್ ವೈದ್ಯರಿಗೆ ಕೈಯಿಂದ ಮುಟ್ಟಿ ಅಳೆಯಲು ಹೇಳಿದರು. ಉದ್ದ, ಅಗಲಗಳ ಗುಣಲಬ್ಧ ಶೇ. 25ರಷ್ಟು ಇಳಿದರೆ ‘ಗಡ್ಡೆ ಕರಗಿದೆ’ ಎಂದು ಹೇಳುವುದಾದರೆ, ಬರೀ ಅಳತೆಯ ತಪ್ಪಿನಿಂದಲೇ ನೂರಕ್ಕೆ 19ರಿಂದ 25 ಸಲ ಹಾಗೆ ಹೇಳಬೇಕಾಗುತ್ತಿತ್ತು. ಗೋಳಗಳು ಕರಗಿರಲಿಲ್ಲ, ಅವಕ್ಕೆ ಯಾರೂ ಔಷಧಿ ಕೊಟ್ಟಿರಲಿಲ್ಲ! ಶೇ. 50ರಷ್ಟು ಇಳಿಯಬೇಕು ಎಂದರೆ ತಪ್ಪು ನೂರಕ್ಕೆ 7–8ಕ್ಕೆ ತಗ್ಗಿತು.

ಸ್ಕ್ಯಾನ್ ಬಂದ ಮೇಲೆ ಸರಿಹೋಯಿತೆ? 2003ರಲ್ಲಿ ಎರಾಸ್ಮಸ್ ಮತ್ತು ಸಂಗಡಿಗರು 33 ರೋಗಿಗಳ 40 ಶ್ವಾಸಕೋಶದ ಗಡ್ಡೆಗಳ ಚಿತ್ರಗಳನ್ನು ಐವರು ತಜ್ಞರ ಮುಂದಿಟ್ಟರು. ಐದರಿಂದ ಏಳು ದಿನ ಬಿಟ್ಟು ಅವೇ ಚಿತ್ರಗಳನ್ನು ಮತ್ತೆ ಅಳೆಸಿದರು. ಚಿತ್ರದೊಳಗಿನ ಗಡ್ಡೆ ಬೆಳೆಯುವುದುಂಟೆ? ಆದರೂ ಒಬ್ಬರ ಅಳತೆಯನ್ನು ಇನ್ನೊಬ್ಬರದರೊಡನೆ ಹೋಲಿಸಿದಾಗ, ಉದ್ದವೊಂದನ್ನೇ ಹಿಡಿದರೂ, ನೂರಕ್ಕೆ 30 ಸಲ ‘ರೋಗ ಬೆಳೆದಿದೆ’ ಎಂಬ ತಪ್ಪು ಉತ್ತರ ಬಂತು. ಒಬ್ಬರೇ ಎರಡು ಸಲ ಅಳೆದಾಗ ಈ ತಪ್ಪು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಒಬ್ಬ ರೋಗಿಯ ಎಲ್ಲ ಸ್ಕ್ಯಾನ್‌ಗಳನ್ನೂ ಒಬ್ಬರೇ ಅಳೆದರೆ ಅಳತೆ ಹೆಚ್ಚು ಹೊಂದುತ್ತದೆ ಎಂದು ಅವರು ಹೇಳಿದರು.

ಯಂತ್ರದ ಪಾಲೂ ಇದೆ. ಒಬ್ಬ ರೋಗಿಯ ಸ್ಕ್ಯಾನನ್ನು 15 ನಿಮಿಷದೊಳಗೆ ಎರಡು ಸಲ ತೆಗೆದು ಹೋಲಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಸುಮಾರು ಮೂರರಲ್ಲೊಂದು ಅಳತೆ 2 ಮಿ.ಮೀ.ಗಿಂತ ಹೆಚ್ಚು ಬದಲಾಗಿತ್ತು. ಕಾಲು ಗಂಟೆಯಲ್ಲಿ ಗಡ್ಡೆ ಅಷ್ಟು ಬೆಳೆಯಲಾರದು. ಶೇ. 10ಕ್ಕಿಂತ ಕಡಿಮೆಯ ಏರಿಳಿತ ಮರು ಸ್ಕ್ಯಾನ್‌ನ ಸಹಜ ವ್ಯತ್ಯಾಸವೇ ಆಗಿರಬಹುದೆಂದು ಸಂಶೋಧಕರು ಬರೆದರು.

ಈ ಅನಿಶ್ಚಿತತೆಗೆ ಜಾಗ ಬಿಟ್ಟೇ ವೈದ್ಯರು ನಿಯಮ ಮಾಡಿಕೊಂಡಿದ್ದಾರೆ. 2000ದಲ್ಲಿ ಬಂದು 2009ರಲ್ಲಿ ಪರಿಷ್ಕೃತವಾದ ‘ರೆಸಿಸ್ಟ್’ ನಿಯಮದಂತೆ, ಆರಿಸಿದ ಗಡ್ಡೆಗಳ ಉದ್ದಗಳನ್ನು ಕೂಡಿಸುತ್ತಾರೆ. ಆ ಮೊತ್ತ ಆರಂಭದ್ದಕ್ಕಿಂತ ಶೇ. 30 ಅಥವಾ ಹೆಚ್ಚು ಇಳಿದರೆ ಚಿಕಿತ್ಸೆಗೆ ಸ್ಪಂದನ. ಅತಿ ಕಡಿಮೆ ಇದ್ದ ಮೊತ್ತಕ್ಕಿಂತ ಶೇ. 20ರಷ್ಟಾದರೂ ಏರಿದ್ದು, ಆ ಏರಿಕೆ 5 ಮಿ.ಮೀ.ಗೆ ಕಡಿಮೆಯಿಲ್ಲದಿದ್ದರೆ ಬೆಳವಣಿಗೆ. ನಡುವಿನದು ‘ಸ್ಥಿರ’. ಆದರೆ ಹೊಸ ಗಡ್ಡೆ ಮೂಡಿದ್ದು ಖಚಿತವಾದರೆ ಈ ಶೇಕಡಾ ಲೆಕ್ಕಕ್ಕೆ ಕಾಯುವುದಿಲ್ಲ, ಅದೇ ಬೆಳವಣಿಗೆ.

ಈಗ ನಮ್ಮ ಹುಡುಗನ ಲೆಕ್ಕ ಮಾಡಿ. ಅವನ ತಂದೆಗೆ ಇದ್ದದ್ದು ಒಂದೇ ಗಡ್ಡೆ. 32ಕ್ಕೆ 3 ಸೇರಿದರೆ ಸುಮಾರು ಶೇ. 9. ಐದು ಮಿ.ಮೀ. ಕೂಡ ಆಗಲಿಲ್ಲ.

ನಾಲ್ಕು ದಿನದ ನಂತರ ಡಾಕ್ಟರು ಎರಡೂ ಸ್ಕ್ಯಾನ್‌ಗಳನ್ನು ಒಬ್ಬರೇ ತಜ್ಞರಿಂದ ಅಕ್ಕಪಕ್ಕ ಇಟ್ಟು ಅಳೆಸಿದರಂತೆ. ಹಳೆಯದು 34, ಹೊಸದು 35. “ಸ್ಥಿರವಾಗಿದೆ, ಇದೇ ಚಿಕಿತ್ಸೆ ಮುಂದುವರಿಸೋಣ” ಎಂದರಂತೆ. ತಂದೆ ಒಪ್ಪಿದರು. ರೋಗ ಹೋಗಿಬಿಟ್ಟಿತೆಂದು ನಾನು ಹೇಳುತ್ತಿಲ್ಲ. ಅಳತೆಯ ವ್ಯತ್ಯಾಸವನ್ನು ರೋಗವೆಂದು ತಿಳಿದು ಅವರು ಚಿಕಿತ್ಸೆ ಬಿಡಲಿಲ್ಲ, ಅಷ್ಟೆ.

ಪಾಲಕರಿಗೆ ಒಂದು ಮಾತು. ಇಂಥ ಕಷ್ಟ ಯಾರ ಮನೆಗೂ ಬಾರದಿರಲಿ. ಬಂದರೆ ವರದಿಯ ಹಾಳೆಯನ್ನಷ್ಟೇ ಅಲ್ಲ, ಹಳೆಯ ಫಿಲ್ಮು, ಸಿ.ಡಿ.ಗಳನ್ನೂ ಜೋಪಾನವಾಗಿಟ್ಟು ಪ್ರತಿ ಸಲವೂ ಕೊಂಡೊಯ್ಯಿರಿ. “ಹಳೆಯದನ್ನು ಪಕ್ಕದಲ್ಲಿಟ್ಟು ನೋಡಿದಿರಾ?” ಎಂದು ವಿನಯದಿಂದ ಕೇಳಿ. ಎರಡು ಮಿ.ಮೀ. ಏರಿದ್ದಕ್ಕೆ ಅಳಬೇಡಿ, ಇಳಿದದ್ದಕ್ಕೆ ಸಿಹಿ ಹಂಚಲೂ ಬೇಡಿ. ತೀರ್ಮಾನ ಡಾಕ್ಟರದು.

ವಿದ್ಯಾರ್ಥಿಗಳಿಗೆ ಈ ವಾರದ ಕೆಲಸ: ಅಡುಗೆಮನೆಯಿಂದ ಒಂದು ಶುಂಠಿ ಕೊಂಬು ತನ್ನಿ. ಅದರ ಅತಿ ಹೆಚ್ಚಿನ ಉದ್ದವನ್ನು ಮನೆಯ ಐವರು ಒಬ್ಬರಿಗೊಬ್ಬರು ತೋರಿಸದೆ ಮಿ.ಮೀ.ನಲ್ಲಿ ಅಳೆದು ಬರೆಯಲಿ. ಮರುದಿನ ಅವರೇ ಮತ್ತೊಮ್ಮೆ ಅಳೆಯಲಿ. ಐವರ ನಡುವಿನ ವ್ಯತ್ಯಾಸ ಎಷ್ಟು, ಒಬ್ಬರದೇ ಎರಡು ಅಳತೆಗಳ ವ್ಯತ್ಯಾಸ ಎಷ್ಟು ಎಂದು ಪಟ್ಟಿ ಮಾಡಿ. ಆಮೇಲೆ ಶುಂಠಿಯನ್ನು ಅಮ್ಮನಿಗೆ ಹಿಂದಿರುಗಿಸಲು ಮರೆಯಬೇಡಿ.